ಯೇಸಪ್ಪನ ಬರಿಗಾಲ ಹರಕೆ

ಭಾತಂಬ್ರಾದಲ್ಲಿ ಯೇಸಪ್ಪನಷ್ಟು ಒಳ್ಳೆಯ ಮನುಷ್ಯ ಸಿಗುವುದು ಕಷ್ಟ, ಅವನಷ್ಟು ಮೊಂಡ ಸಿಗುವುದು ಇನ್ನೂ ಕಷ್ಟ. ಎರಡೂ ಗುಣ ಒಬ್ಬನಲ್ಲೇ ಮನೆಮಾಡಿದರೆ ಮನೆಯವರ ಪಾಡೇನು ಎಂಬುದನ್ನು ಅವನ ಮಗಳು ಸುಸನ್ನಾಳನ್ನೇ ಕೇಳಬೇಕು. ಸಾವಿರದ ಒಂಬೈನೂರ ಐವತ್ತನೆಯ ಇಸವಿಯ ಬೇಸಿಗೆ ಅದು. ಹದಿನೆಂಟರ ಸುಸನ್ನಾ ಬೀದರದ ಮಿಷನ್ ಬೋರ್ಡಿಂಗಿನಲ್ಲಿದ್ದುಕೊಂಡು ಮಿಡಲ್ ಪರೀಕ್ಷೆ ಪಾಸು ಮಾಡಿ ಊರಿಗೆ ಬಂದಿದ್ದಳು. ಪಾಸಾದ ಸಂತೋಷ ಒಂದು ವಾರವೂ ಉಳಿಯಲಿಲ್ಲ, ಮುಂದೇನು ಎಂಬ ಪ್ರಶ್ನೆ ಬಂದು ಪಡಸಾಲೆಯಲ್ಲಿ ಕೂತಿತು.

ಅವಳಿಗೆ ಓದಬೇಕಿತ್ತು. ಬೀದರದ ಮಿಷನ್ ದವಾಖಾನೆಯಲ್ಲಿ ಒಮ್ಮೆ ಬೋರ್ಡಿಂಗ್ ನೋಡಿಕೊಳ್ಳುತ್ತಿದ್ದ ಮಿಸ್ಸಮ್ಮನವರು ಸೂಕ್ಷ್ಮದರ್ಶಕದ ಕೊಳವೆಗೆ ಅವಳ ಕಣ್ಣು ಹಚ್ಚಿಸಿ, ಬಾವಿಯ ನೀರಿನ ಒಂದು ಹನಿಯನ್ನು ತೋರಿಸಿದ್ದರು. ಅದರೊಳಗೆ ಏನೇನೋ ಓಡಾಡುತ್ತಿದ್ದವು. ಅವು ಏನು, ಏನು ತಿನ್ನುತ್ತವೆ, ಕುಡಿದವರ ಹೊಟ್ಟೆಯಲ್ಲಿ ಏನು ಮಾಡುತ್ತವೆ ಎಂದು ಇವಳು ಒಂದರ ಹಿಂದೊಂದು ಕೇಳಿದ್ದಕ್ಕೆ ಮಿಸ್ಸಮ್ಮ ನಕ್ಕು, ಅದೆಲ್ಲ ತಿಳಿಯಬೇಕಾದರೆ ಮ್ಯಾಟ್ರಿಕ್ ಆಗಬೇಕು ಎಂದಿದ್ದರು. ಈಗ ಅವರೇ ಹೈದರಾಬಾದಿನ ಹುಡುಗಿಯರ ಹೈಸ್ಕೂಲಿನಲ್ಲಿ ಒಂದು ಜಾಗ ಹಿಡಿದಿಟ್ಟಿದ್ದರು. ಊಟ, ಬಟ್ಟೆ, ಪುಸ್ತಕ ಎಲ್ಲವೂ ಮಿಷನ್ನಿನದೇ. ಮನೆಯಿಂದ ಹೊರಡುವುದಷ್ಟೇ ಬಾಕಿ.

ಆದರೆ ಹೊರಡುವ ದಾರಿಗೆ ಅಡ್ಡವಾಗಿ ಎರಡು ಕಾಲು ಇದ್ದವು, ಅಪ್ಪನ ಬರಿಗಾಲು.

ಆ ಕಾಲಿನ ಕತೆ ನಲವತ್ತೆಂಟನೆಯ ಇಸವಿಯ ಪೊಲೀಸ್ ಆ್ಯಕ್ಷನ್ನಿನ ದಿನಗಳದು. ನಿಜಾಮರ ರಾಜ್ಯಕ್ಕೆ ಹಿಂದೂಸ್ತಾನದ ಫೌಜು ನುಗ್ಗಿದೆ, ಬೀದರದ ಕಡೆ ವಿಮಾನ ಹಾರಾಡುತ್ತಿವೆ ಎಂಬ ಸುದ್ದಿ ಬಂದಾಗ ಯೇಸಪ್ಪ ಹೊಲದಲ್ಲಿ ಕಳೆ ತೆಗೆಯುತ್ತಿದ್ದ. ಕುರ್ಚಿಗಿಯನ್ನು ಅಲ್ಲೇ ಎಸೆದು ಮಗಳಿದ್ದ ಬೀದರದ ದಾರಿ ಹಿಡಿದ. ಮಳೆಗೆ ಎರೆಮಣ್ಣು ಕಾಲಿಗೆ ಮೆತ್ತಿಕೊಳ್ಳುತ್ತಿತ್ತು. ಎದುರಿಗೆ ಬಂದವರೆಲ್ಲ ಒಂದೊಂದು ಕೆಟ್ಟ ಸುದ್ದಿ ಹೇಳುತ್ತಿದ್ದರು. ಭಾಲ್ಕಿ ದಾಟಿದ ಮೇಲೆ ಒಂದು ಚಪ್ಪಲಿಯ ಉಂಗುಟ ಕಿತ್ತಿತು. ಕಿತ್ತ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡುದಾರಿಯಲ್ಲೇ ನಿಂತು ಅವನು ಪ್ರಾರ್ಥನೆ ಮಾಡಿದ. ಮೆಥೊಡಿಸ್ಟ್ ಚರ್ಚಿನಲ್ಲಿ ಕಲಿತ ಪ್ರಾರ್ಥನೆಯನ್ನೇ ಶುರುಮಾಡಿದ್ದು, ಆದರೆ ಬಾಯಿಂದ ಬಂದದ್ದು ಅವನ ಮುತ್ತಜ್ಜನ ಕಾಲದ ಮಾತು.

"ಸ್ವಾಮಿ, ನನ್ನ ಮಗಳು ಜೀವಂತ ಸಿಗ್ಲಿ. ಅಕಿ ಕಲ್ತ ವಿದ್ಯಾದ ಮೊದಲನೇ ಗಳಿಕಿ ನಿನ್ನ ಮುಂದ ತಂದಿಡೋ ತನಕ ನಾ ಕಾಲಾಗ ಚಪ್ಪಲಿ ಹಾಕೂದಿಲ್ಲ."

ಬೋರ್ಡಿಂಗಿನ ಗೇಟು ಹಾಕಿಕೊಂಡು ಮಿಸ್ಸಮ್ಮನವರು ಹುಡುಗಿಯರನ್ನೆಲ್ಲ ಒಳಗೇ ಕಾಪಾಡಿಕೊಂಡಿದ್ದರು. ಯೇಸಪ್ಪ ಹೋಗಿ ನೋಡಿದರೆ ಮಗಳು ಅಡುಗೆಮನೆಯಲ್ಲಿ ಕೂತು ಖಿಚಡಿಗೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. "ಅಪ್ಪಾ, ನಿನ್ನ ಚಪ್ಪಲಿ ಎಲ್ಲಿ?" ಎಂಬುದೇ ಅವಳ ಮೊದಲ ಮಾತು. ಅವನು ಹೊಸ್ತಿಲಲ್ಲೇ ಕುಸಿದು ಕೂತು, ಉಳ್ಳಾಗಡ್ಡಿ ಹೆಚ್ಚಿದವಳಿಗಿಂತ ಹೆಚ್ಚು ಅತ್ತ.

ಮುಂದಿನ ಭಾನುವಾರ ಭಾತಂಬ್ರಾದ ಚರ್ಚಿನಲ್ಲಿ ಎಲ್ಲರೆದುರು ಹರಕೆಯ ವಿಷಯ ಹೇಳಿದಾಗ ಪಾಸ್ಟರ್ ಡೇನಿಯಲರು ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

"ಯೇಸಪ್ಪಣ್ಣ, ನಮ್ಮ ಮತದಾಗ ಬರಿಗಾಲ ಹರಕಿ ಅಂತ ಇಲ್ಲಪ್ಪ. ದೇವರಿಗಿ ನಿನ್ನ ಕಾಲು ಯಾಕ ಬೇಕು? ಮನಸ್ಸ ಕೊಡು, ಸಾಕು."

"ಮನಸ್ಸು ಮೊದ್ಲೇ ಕೊಟ್ಟೀನ್ರಿ, ಪಾಸ್ಟರ್ ಸಾಹೇಬ್ರ. ಇನ್ನು ಕಾಲೇ ಉಳ್ದಿದ್ದು."

ಅಂದಿನಿಂದ ಯೇಸಪ್ಪ ಬರಿಗಾಲಿನಲ್ಲೇ ಇದ್ದ. ಜಾಲಿ ಮುಳ್ಳಿನ ಬದುವಿನ ಮೇಲೆ, ಬೇಸಿಗೆಯ ಸುಡುವ ಕೆಂಪು ಕಲ್ಲಿನ ಮೇಲೆ, ಬೀದರದ ಗಂಜ್ ಪೇಟೆಗೆ ತೊಗರಿ ಹೇರಿಕೊಂಡು ಹೋದ ಬಂಡಿಯ ಹಿಂದೆ, ಎಲ್ಲ ಕಡೆಯೂ ಬರಿಗಾಲು. ಹಿಮ್ಮಡಿ ಬಾಯಿಬಿಟ್ಟಿತ್ತು. ಅವನ ಹೆಂಡತಿ ಸತ್ಯಮ್ಮ ಚರ್ಚಿನಲ್ಲಿ ಉರಿದು ಉಳಿದ ಮೇಣದ ತುಂಡುಗಳನ್ನು ತಂದು, ಕರಗಿಸಿ, ಆ ಬಿರುಕುಗಳಿಗೆ ತುಂಬುತ್ತಿದ್ದಳು. ಬಿಸಿ ತಾಗಿದಾಗ ಅವನು ಹಲ್ಲು ಕಚ್ಚಿಕೊಂಡು ನಗುತ್ತಿದ್ದ. ಸುಸನ್ನಾ ಮಾತ್ರ ಎದ್ದು ಹೊರಗೆ ಹೋಗುತ್ತಿದ್ದಳು. ಹೈದರಾಬಾದಿಗೆ ಹೋದರೆ ಮ್ಯಾಟ್ರಿಕ್ಕಿಗೆ ಕೆಲವು ವರ್ಷ, ಅದರ ಮೇಲೆ ಟ್ರೇನಿಂಗು. ಅಷ್ಟೂ ವರ್ಷ ಈ ಕಾಲುಗಳು ಹೀಗೇ ನಡೆಯಬೇಕು.

ಹೀಗಿರುವಾಗ ವಿದ್ಯಾಖಾತೆಯ ಇನ್‌ಸ್ಪೆಕ್ಟರ್ ಸಾಹೇಬರು ಊರಿಗೆ ಬಂದರು. ಉರ್ದುವಿನಲ್ಲಿ ನಡೆಯುತ್ತಿದ್ದ ಸರಕಾರಿ ಸಾಲಿ ಇನ್ನು ಮೇಲೆ ಕನ್ನಡದಲ್ಲಿ ನಡೆಯಬೇಕಿತ್ತು. ಸಾಲಿಯ ಮಾಸ್ತರು ಅಬ್ದುಲ ಅಜೀಜರಿಗೆ ಕನ್ನಡ ಮಾತು ಚೆನ್ನಾಗಿ ಬರುತ್ತಿತ್ತು, ಕನ್ನಡದಲ್ಲಿ ಜಗಳವಾಡಲೂ ಬರುತ್ತಿತ್ತು. ಆದರೆ ಒಂದಕ್ಷರ ಓದಲು ಬರೆಯಲು ಬಾರದು. ಮೇ ಕೊನೆಗೆ ಭಾಲ್ಕಿಯಲ್ಲಿ ಪರೀಕ್ಷೆ, ಅದರಲ್ಲಿ ಪಾಸಾಗದ ಮಾಸ್ತರು ಮನೆಗೆ ಎಂದು ಸಾಹೇಬರು ಹೇಳಿದರು. ಆಮೇಲೆ ಸುಸನ್ನಾಳನ್ನು ಕರೆಸಿ, ಅವಳ ಮಾರ್ಕು ಕೇಳಿ, "ಆ ಜಾಗಾ ಖಾಲಿಯಾದರೆ ನಿನಗೇ ಕೊಡುತ್ತೇನೆ. ತಯಾರಾಗಿರು" ಎಂದು ಜೀಪು ಹತ್ತಿದರು.

ಸತ್ಯಮ್ಮ ಅದೇ ದಿನ ಅಟ್ಟದ ಮೇಲಿಂದ ಗಂಡನ ಚಪ್ಪಲಿ ಇಳಿಸಿದಳು. ಅಂದು ಅವನು ಹೆಗಲ ವಸ್ತ್ರದಲ್ಲಿ ಸುತ್ತಿ ಮನೆಗೆ ತಂದಿದ್ದ ಆ ಜೋಡಿನ ಕಿತ್ತ ಉಂಗುಟವನ್ನು ಅವಳು ಎಂದೋ ಹೊಲಿಸಿಟ್ಟಿದ್ದಳು. ಒಣಗಿ ಸೆಟೆದಿದ್ದ ಚರ್ಮಕ್ಕೆ ಔಡಲೆಣ್ಣೆ ತಿಕ್ಕುತ್ತ ಹಾಡಿನ ರಾಗವೊಂದನ್ನು ಗುನುಗುತ್ತಿದ್ದಳು. ಅವ್ವ ಹಾಡಿದ್ದನ್ನು ಸುಸನ್ನಾ ಕೇಳಿ ಬಹಳ ಕಾಲವಾಗಿತ್ತು. ಆ ಗುನುಗು ಕೇಳಿಯೇ ಅವಳು ನಿರ್ಧಾರ ಮಾಡಿಬಿಟ್ಟಳು, ನೌಕರಿಗೆ ಸೇರುವುದು ಎಂದು. ನೀರಿನ ಹನಿಯೊಳಗಿನ ಜೀವಗಳು ತಮ್ಮ ಪಾಡಿಗೆ ತಾವು ಇರಲಿ. ಹಾಗೆಂದುಕೊಂಡು ಅವ್ವನ ಪಕ್ಕ ಕೂತು ಇನ್ನೊಂದು ಚಪ್ಪಲಿ ಕೈಗೆತ್ತಿಕೊಂಡಳು.

ಸಂಜೆಗೆ ಅಜೀಜ ಮಾಸ್ತರು ಬಂದರು. ಕಂಕುಳಲ್ಲಿ ಹೊಸ ಪಾಟಿ, ಹಿಂದೆ ಹೆಂಡತಿ ಮರಿಯಮಬೀ. ಸುಸನ್ನಾಳಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅವಳು ಚಿಕ್ಕವಳಿದ್ದಾಗ ಯೇಸಪ್ಪನ ಕೇರಿಯ ಮಕ್ಕಳು ಸಾಲಿಯ ಹೊರಗೆ ಬೇವಿನ ಗಿಡದ ಕೆಳಗೆ ಕೂತು ಪಾಠ ಕೇಳಬೇಕಿತ್ತು. ಮಾಸ್ತರು ಈ ಊರಿಗೆ ಬಂದ ಮೊದಲ ದಿನವೇ ಅವಳ ಕೈ ಹಿಡಿದು ಒಳಗೆ ತಂದು, ಎಲ್ಲರ ನಡುವೆ ಜಮಖಾನೆಯ ಮೇಲೆ ಕೂರಿಸಿದ್ದರು. ಊರವರು ಕೂಗಾಡಿದರೂ ಜಗ್ಗಿರಲಿಲ್ಲ. ಇವಳನ್ನು ಬೀದರಕ್ಕೆ ಕಳಿಸು ಎಂದು ಯೇಸಪ್ಪನ ಬೆನ್ನು ಹತ್ತಿದವರೂ ಅವರೇ. ಅಂಥವರ ಅನ್ನವನ್ನು ಈಗ ಅವಳು ತಿನ್ನಲು ಹೊರಟಿದ್ದಳು.

"ಸುಸನ್ನಾ ಬೇಟಿ, ನನ್ನ ನೌಕರಿ ನಿನಗ ಕೊಡ್ತಾರಂತ. ಬ್ಯಾರೆ ಯಾರಿಗೋ ಹೋಗೂದಕ್ಕಿಂತ ನಿನಗ ಹೋದ್ರ ಚಲೋನೇ. ಆದ್ರ ನಾ ಸುಮ್ನ ಕೊಡಾಂವ ಅಲ್ಲ, ಕುಸ್ತಿ ಹಿಡದೇ ಕೊಡ್ತೇನಿ. ನನಗ ಕನ್ನಡ ಬರೀಲಿಕ್ಕ ಕಲಸು."

ಸತ್ಯಮ್ಮ ಎಣ್ಣೆಗೈಯಲ್ಲೇ ನಿಂತಳು. "ನಿಮಗ ಕಲಸ್ಲಿಕ್ಕ ಊರಾಗ ಬ್ಯಾರೆ ಯಾರೂ ಇಲ್ಲೇನ್ರಿ, ಮಾಸ್ತರ?"

"ಅದಾರಲ್ಲವ್ವಾ. ಆದ್ರ ಬಡೀದೆ ಕಲಸೋರು ಬೇಕು. ನಾ ಈಕಿಗಿ ಒಮ್ಮಿನೂ ಬಡದಿಲ್ಲ, ಈಕಿನೂ ನನಗ ಬಡಿಯಾಂಗಿಲ್ಲ."

ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ಯೇಸಪ್ಪನ ಕಾಲಿನ ಮೇಲಿದ್ದವು. ಮಾಸ್ತರು ಪಾಸಾದರೆ ಜಾಗ ಖಾಲಿಯಾಗುವುದಿಲ್ಲ, ಜಾಗವಿಲ್ಲದಿದ್ದರೆ ಪಗಾರವಿಲ್ಲ, ಪಗಾರವಿಲ್ಲದಿದ್ದರೆ ಚಪ್ಪಲಿಯೂ ಇಲ್ಲ. ಪೊಲೀಸ್ ಆ್ಯಕ್ಷನ್ನಿನ ನಂತರ ಮುಸಲ್ಮಾನರ ಮನೆಗಳ ಮೇಲೆ ದಾಳಿಯಾಗುತ್ತಿದ್ದ ಕೆಟ್ಟ ದಿನಗಳಲ್ಲಿ ಇದೇ ಮಾಸ್ತರನ್ನೂ ಮರಿಯಮಬೀಯನ್ನೂ ಹಿಂದಿನ ಕೋಣೆಯಲ್ಲಿ ಬಚ್ಚಿಟ್ಟು ರೊಟ್ಟಿ ಕೊಟ್ಟ ಸತ್ಯಮ್ಮ ಕೂಡ ಈಗ ತುಟಿ ಕಚ್ಚಿಕೊಂಡು ನೆಲ ನೋಡುತ್ತಿದ್ದಳು.

"ಕಲಸು" ಅಂದ ಯೇಸಪ್ಪ. "ನನ್ನ ಕಾಲಿಗಿ ಚಪ್ಪಲಿ ಬರ್ಲಿ ಅಂತ ಮಾಸ್ತರ ಹೊಟ್ಟಿ ಮ್ಯಾಲ ಕಾಲ ಇಡ್ಲೇನು?"

ಪಾಠ ಮರುದಿನವೇ ಮನೆಯ ಮುಂದಿನ ಕಟ್ಟೆಯ ಮೇಲೆ ಶುರುವಾಯಿತು. ಮಾಸ್ತರ ಬಳಪ ಮೊದಲ ದಿನ ಉರ್ದು ಬರೆದ ರೂಢಿಯಿಂದ ತಾನಾಗಿ ಪಾಟಿಯ ಬಲಗಡೆಗೆ ಹೋಗಿ ಕೂತಿತು. "ಈ ಕಡಿಂದ್ರಿ, ಮಾಸ್ತರ" ಎಂದು ಸುಸನ್ನಾ ಕೈ ಹಿಡಿದು ಎಡಕ್ಕೆ ತಂದರೆ, "ಅರೆ, ನಿಮ್ಮ ಬಂಡಿ ಉಲ್ಟಾ ಹೊಂಟದಲ್ಲ!" ಎಂದರು. ಒತ್ತಕ್ಷರ ಬಂದಾಗಲಂತೂ ದೊಡ್ಡ ತಕರಾರು. "ಮ್ಯಾಲಿನ ಮನಿ ಸಾಲಲಿಲ್ಲಂತ ಕೆಳಗ ಮತ್ತೊಬ್ಬಗ ಇಟ್ಟೀರೇನು?" ಮರಿಯಮಬೀ ಪಕ್ಕದಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ಒಂದು ದಿನ ಮಾಸ್ತರು ತಮ್ಮ ಹೆಸರಿನ ಜ ಅಕ್ಷರದ ಸುರುಳಿಯಲ್ಲಿ ಸಿಕ್ಕಿ ಒದ್ದಾಡುತ್ತಿರುವಾಗ, ಆ ತಾಯಿ ಹುಣಸೆಬೀಜಗಳನ್ನು ಕಟ್ಟೆಯ ಮೇಲೆ ಒಂದೊಂದಾಗಿ ಜೋಡಿಸಿ ಗಂಡನ ಹೆಸರನ್ನು ತಪ್ಪಿಲ್ಲದೆ ಬರೆದುಬಿಟ್ಟರು. ಮಾಸ್ತರು ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹೆಂಡತಿಗೂ ಒಂದು ಪಾಟಿ ತಂದುಕೊಟ್ಟರು.

ಅಕ್ಷರ ಕೂಡಿಸುವುದು ಬಂದ ಮೇಲೆ ಉಕ್ತಲೇಖನ ಬರೆಸಬೇಕಾಯಿತು. ಸುಸನ್ನಾ ಅಡುಗೆಯ ಕೆಲಸದಲ್ಲಿದ್ದಾಗ ಆ ಹೊಣೆ ಅಪ್ಪನದು. ನಿಧಾನವಾಗಿ ನಾಲ್ಕು ಮಾತು ಹೇಳು, ಮಾಸ್ತರು ಬರೆದುಕೊಳ್ಳಲಿ ಎಂದು ಅವಳು ಹೇಳಿದ್ದಳು. ಯೇಸಪ್ಪ ಹುಟ್ಟಿನಿಂದ ನಿಧಾನವಾಗಿ ಮಾತಾಡಿದವನಲ್ಲ, ಪ್ರಾರ್ಥನೆ ಮಾಡುವಾಗ ಮಾತ್ರ ನಿಧಾನ. ಹಾಗಾಗಿ ಮಾಸ್ತರ ಪಾಟಿಯ ತುಂಬ ಪ್ರಾರ್ಥನೆಯೇ ತುಂಬಿಕೊಂಡಿತು. ಅದರ ಪರಿಣಾಮ ಭಾಲ್ಕಿಯಲ್ಲಿ ಗೊತ್ತಾಯಿತು. ಜ್ವರಕ್ಕಾಗಿ ರಜೆ ಕೇಳಿ ಮೇಲಧಿಕಾರಿಗೆ ಅರ್ಜಿ ಬರೆಯಿರಿ ಎಂದು ಪರೀಕ್ಷೆಯಲ್ಲಿ ಕೇಳಿದ್ದರು. ಮಾಸ್ತರು ಬರೆದದ್ದು ಹೀಗಿತ್ತು: "ದಯಾಸಾಗರರಾದ ಇನ್‌ಸ್ಪೆಕ್ಟರರೇ, ಮಣ್ಣಿನ ಹುಳದಂಥ ನಾನು ತಮ್ಮ ಪಾದದ ಬಳಿ ಬಂದಿದ್ದೇನೆ. ನನ್ನ ಜ್ವರವನ್ನು ತಾವು ಬಲ್ಲಿರಿ. ತಮ್ಮ ಕೃಪೆಯಿಂದ ಎರಡು ದಿನ ರಜೆಯನ್ನು ಸುರಿಸಬೇಕು. ಆಮೆನ್." ಇನ್‌ಸ್ಪೆಕ್ಟರ್ ಸಾಹೇಬರು ನಕ್ಕೂ ನಕ್ಕೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರಂತೆ. ಒಂದು ಅಕ್ಷರವೂ ತಪ್ಪಿಲ್ಲ ಎಂದು ಪಾಸು ಮಾಡಿದರಂತೆ.

ಮಾಸ್ತರು ಭಾಲ್ಕಿಯಿಂದ ಬಂದು ಈ ಸುದ್ದಿ ಹೇಳಿದಾಗ ಸುಸನ್ನಾ ಚಪ್ಪಾಳೆ ತಟ್ಟಿ ಕುಣಿದಳು. ನಿಜವಾದ ಸಂತೋಷ ಅದು, ಅದರಲ್ಲಿ ಕಲಬೆರಕೆ ಇರಲಿಲ್ಲ. ಒಳಗೆ ಹೋದಾಗ ಸತ್ಯಮ್ಮ ಚಪ್ಪಲಿಯನ್ನು ಮತ್ತೆ ಅಟ್ಟಕ್ಕೆ ಏರಿಸುತ್ತಿದ್ದುದು ಕಣ್ಣಿಗೆ ಬಿತ್ತು.

ಅದೇ ವಾರ ಎರಡು ಕಡೆಯಿಂದಲೂ ಕರೆ ಬಂತು. ಔರಾದ ತಾಲೂಕಿನ ಎಕಂಬಾದಲ್ಲಿ ಹೊಸ ಸಾಲಿ ತೆರೆಯುತ್ತಿದೆ, ಸುಸನ್ನಾ ಅಲ್ಲಿಗೆ ಬರಲಿ ಎಂದು ಇನ್‌ಸ್ಪೆಕ್ಟರ್ ಸಾಹೇಬರು ಪಾಸ್ಟರರ ಕೈಲಿ ಹೇಳಿ ಕಳಿಸಿದರು. ಹೈದರಾಬಾದಿನ ಜಾಗ ಇನ್ನು ಹೆಚ್ಚು ದಿನ ಕಾಯುವುದಿಲ್ಲ, ಬರುವ ವಾರವೇ ರೈಲು ಹತ್ತಬೇಕು ಎಂದು ಮಿಸ್ಸಮ್ಮ ಹೇಳಿ ಕಳಿಸಿದರು. ಊಟಕ್ಕೆ ಕೂತಾಗ ಸುಸನ್ನಾ ಮಾತು ತೆಗೆದಳು.

"ನಾ ಎಕಂಬಾಕ್ಕ ಹೋಗ್ತೇನಿ."

ಯೇಸಪ್ಪ ರೊಟ್ಟಿ ಮುರಿಯುತ್ತಿದ್ದವನು ನಿಲ್ಲಿಸಿದ. "ಯಾಕ?"

"ನನಗ ನೌಕರಿ ಬೇಕು."

"ಸುಳ್ಳ ಹೇಳಬ್ಯಾಡ. ನನ್ನ ಕಾಲ ನೋಡಿ ಹೇಳ್ಲತ್ತಿ." ಅವನು ಎರಡೂ ಕಾಲನ್ನು ಧೋತರದ ಕೆಳಗೆ ಎಳೆದುಕೊಂಡ. "ಇವಕ್ಕ ರೂಢಿ ಆಗ್ಯಾದ. ಇನ್ನ ಹತ್ತ ವರ್ಸ ಬೇಕಾದ್ರೂ ನಡೀತಾವ. ನೀ ಹೈದ್ರಾಬಾದಕ್ಕ ಹೋಗು."

ಅಪ್ಪನ ಮೇಲೆ ಎಂದೂ ದನಿ ಏರಿಸದ ಸುಸನ್ನಾಳಿಗೆ ಅಂದು ತಡೆಯಲಾಗಲಿಲ್ಲ. "ಹರಕಿ ನೀ ಹೊತ್ತಿ, ಭಾರ ನನ್ನ ತಲಿ ಮ್ಯಾಲ ಅದ, ಅಪ್ಪಾ! ನೀ ಒಂದೊಂದ ಹೆಜ್ಜಿ ಇಟ್ಟಾಗೂ ಮುಳ್ಳ ನನಗ ಚುಚ್ಚತಾದ. ಹೈದ್ರಾಬಾದನಾಗ ಕುಂತು ನಾ ಏನ ಓದ್ಲಿ?"

ಯೇಸಪ್ಪನಿಗೆ ಈ ಲೆಕ್ಕ ಎಂದೂ ಹೊಳೆದಿರಲಿಲ್ಲ. ಹರಕೆಯೆಂದರೆ ತನಗೂ ದೇವರಿಗೂ ನಡುವಿನ ವ್ಯವಹಾರ ಎಂದುಕೊಂಡಿದ್ದ. ತಾಟು ಮುಂದಕ್ಕೆ ಸರಿಸಿ ಕೈತೊಳೆದುಕೊಂಡ. "ಕೊಟ್ಟ ಮಾತು ತಿರುಗಿ ಹ್ಯಾಂಗ ತಗೊಳ್ಳಲವ್ವಾ?" ಎಂದ. ಆ ದನಿ ಕೇಳಿ ಸುಸನ್ನಾ ತಾನು ಆಡಿದ ಮಾತಿಗೆ ತಾನೇ ನೊಂದಳು. ಎಕಂಬಾ ಎಂಬುದು ಅಲ್ಲಿಗೆ ಗಟ್ಟಿಯಾಯಿತು.

ಭಾನುವಾರ ಆರಾಧನೆ ಮುಗಿಯುವ ಹೊತ್ತು. ಸುಸನ್ನಾಳಿಗೆ ಎಕಂಬಾದಲ್ಲಿ ನೌಕರಿಯಾಯಿತು ಎಂದು ಪಾಸ್ಟರ್ ಡೇನಿಯಲರು ಹೇಳಲು ಎದ್ದು ನಿಂತಿದ್ದರು. ಅಷ್ಟರಲ್ಲಿ ಬಾಗಿಲಲ್ಲಿ ಅಜೀಜ ಮಾಸ್ತರು ಕಾಣಿಸಿಕೊಂಡರು. ಈದಿಗೆ ತೊಡುವ ಶೇರವಾನಿ, ತಲೆಗೆ ಟೋಪಿ. ಪಕ್ಕದಲ್ಲಿ ಮರಿಯಮಬೀ, ಕೈಯಲ್ಲಿ ಜರಿಯ ಬಟ್ಟೆ ಮುಚ್ಚಿದ ತಬಕು.

"ಒಳಗ ಬರಬಹುದೇನ್ರಿ, ಪಾಸ್ಟರ್ ಸಾಹೇಬ್ರ? ನನಗ ಕನ್ನಡ ಕಲಸಿದ ಉಸ್ತಾದರು ಇಲ್ಲಿ ಅದಾರ."

ಇಬ್ಬರೂ ನೇರ ಸುಸನ್ನಾಳ ಮುಂದೆ ಬಂದು ನಿಂತರು. ಮರಿಯಮಬೀ ಬಟ್ಟೆ ಸರಿಸಿದರು. ತಬಕಿನಲ್ಲಿ ಸಕ್ಕರೆ, ಕುಪ್ಪಸಕ್ಕಾಗುವಷ್ಟು ರೇಷ್ಮೆ ಬಟ್ಟೆ, ಅದರ ಮೇಲೊಂದು ಬೆಳ್ಳಿಯ ಹಾಲಿ ರೂಪಾಯಿ, ನಿಜಾಮರ ಟಂಕಸಾಲೆಯದು.

"ನಮ್ಮಲ್ಲಿ ಪಾಠ ಮುಗದ ಮ್ಯಾಲ ಕಲತ ಶಾಗೀರ್ದ ಉಸ್ತಾದಗ ನಜರಾನಾ ಕೊಡಬೇಕು. ನನ್ನ ಅಬ್ಬಾ ನನ್ನ ಉಸ್ತಾದರಿಗಿ ಕೊಟ್ಟಾರ. ನಾವಿಬ್ರೂ ನಿನ್ನ ಶಾಗೀರ್ದರು, ಬೇಟಿ. ತಗೋ."

ಸುಸನ್ನಾ ಕೈ ಹಿಂದಕ್ಕೆಳೆದುಕೊಂಡಳು. "ನಾ ನಿಮಗ ಪ್ರೀತಿಲಿಂದ ಕಲಸೀನ್ರಿ, ಮಾಸ್ತರ. ಇದೇನ್ರಿ?"

"ಇಷ್ಟ ವರ್ಸ ಸಾಲ್ಯಾಗ ನಾ ಪಗಾರ ತಗೊಂಡೀನಿ. ಹಂಗಾದ್ರ ನಾ ನಿನಗ ಪ್ರೀತಿಲಿಂದ ಕಲಸಿಲ್ಲೇನು?"

ಚರ್ಚಿನ ತುಂಬ ಗುಜುಗುಜು ಎದ್ದಿತು. ಹಿಂದಿನ ಸಾಲಿನಲ್ಲಿದ್ದ ರೋಸಮ್ಮಜ್ಜಿ ಗಟ್ಟಿಯಾಗಿ ಹೇಳಿಯೇಬಿಟ್ಟಳು, "ಯೇಸಪ್ಪಾ, ಮಗಳ ಮೊದಲ ಗಳಿಕಿ ಬಂತಲ್ಲೋ!"

ಯೇಸಪ್ಪ ಎದ್ದು ನಿಂತ. ಮೊಂಡನಲ್ಲವೇ, ಹಲ್ಲು ಬಿಗಿಹಿಡಿದು ತಲೆಯಾಡಿಸಿದ. "ನನ್ನ ಸಲುವಾಗಿ ಕೊಡ್ಲತ್ತೀರಿ, ಮಾಸ್ತರ. ನನ್ನ ಹರಕಿ ಕೇಳಿ ಕನಿಕರ ಮಾಡ್ಲತ್ತೀರಿ. ಕನಿಕರದ್ದು ಗಳಿಕಿ ಆಗೂದಿಲ್ಲ."

"ನಿನ್ನ ಹರಕಿ ಗಿರಕಿ ನನಗೇನ ಗೊತ್ತು? ನನಗ ನನ್ನ ದಸ್ತೂರ ಗೊತ್ತು" ಎಂದರು ಮಾಸ್ತರು, ಮುಖದ ಮೇಲೆ ಗೆರೆಯೂ ಅಲುಗದಂತೆ. ಇಡೀ ಭಾತಂಬ್ರಾಕ್ಕೆ ಗೊತ್ತಿದ್ದ ಸಂಗತಿ ಅವರೊಬ್ಬರಿಗೆ ಗೊತ್ತಿಲ್ಲವಂತೆ!

ಎಲ್ಲರೂ ಪಾಸ್ಟರರ ಕಡೆ ನೋಡಿದರು. ಈ ಹರಕೆಯನ್ನು ಮೊದಲ ದಿನದಿಂದ ಬೈಯುತ್ತ ಬಂದವರು ಅವರು. ಈಗ ಅದರ ತೀರ್ಮಾನ ಅವರ ತಲೆಗೇ ಬಂತು. ಅವರು ಗಂಟಲು ಸರಿಮಾಡಿಕೊಂಡರು.

"ಮಾಸ್ತರ, ಈಕಿ ಕಲಸದಿದ್ರ ಇದು ಕೊಡ್ತಿದ್ರೇನು?"

"ಯಾಕ ಕೊಡ್ಲಿ?"

"ಕಲಸಿದ ಮ್ಯಾಲ ಕೊಡದಿದ್ರ?"

"ಕೊಡದಿದ್ರ ನನ್ನಂಥ ಬೇ-ಅದಬ, ಮರ್ಯಾದಿಗೇಡಿ ಯಾರೂ ಇಲ್ಲ. ನನ್ನ ಉಸ್ತಾದರ ಹೆಸರು ಮಣ್ಣಪಾಲು."

"ಕೇಳಿದೇನು, ಯೇಸಪ್ಪಣ್ಣ? ದುಡದವರಿಗಿ ಸಲ್ಲಬೇಕಾದದ್ದು ಸಲ್ಲೇದ. ಇದಕ್ಕ ಗಳಿಕಿ ಅನ್ನದ ಮತ್ತೇನ ಅಂತಾರ? ಸುಸನ್ನಾ, ತಗೊಳವ್ವಾ."

ಸುಸನ್ನಾ ಎರಡೂ ಕೈ ಚಾಚಿದಳು. ತಬಕು ಭಾರವಿತ್ತು. ಮರಿಯಮಬೀ ಅದನ್ನು ಅವಳ ಕೈಗಿಟ್ಟು, ಅವಳ ನೆತ್ತಿಗೆ ತಮ್ಮ ಬೆರಳು ಮುಟ್ಟಿಸಿ ನೆಟಿಗೆ ಮುರಿದರು. ಅಳುತ್ತಳುತ್ತಲೇ ಅವಳು ವೇದಿಕೆಯ ಮುಂದೆ ಹೋಗಿ ಮೇಜಿನ ಮೇಲೆ ತಬಕು ಇಟ್ಟಳು. ಹಿಂದೆ ತಿರುಗಿದರೆ ಅಪ್ಪ ಮಾಸ್ತರ ಎರಡೂ ಕೈ ಹಿಡಿದುಕೊಂಡು ನಿಂತಿದ್ದ. ಊರಲ್ಲೆಲ್ಲ ಉದ್ದದ ಪ್ರಾರ್ಥನೆಗೆ ಹೆಸರಾದವನು ಅಂದು ಒಂದೇ ಮಾತಿನಲ್ಲಿ ಮುಗಿಸಿದ, "ಸ್ತೋತ್ರ." ಮಾಸ್ತರು ಅದಕ್ಕೆ "ಆಮೀನ್" ಅಂದರು.

ಸತ್ಯಮ್ಮ ಅಷ್ಟು ಹೊತ್ತಿಗೆ ಮನೆಗೆ ಓಡಿಹೋಗಿ ಚಪ್ಪಲಿ ತಂದಾಗಿತ್ತು. ಚರ್ಚಿನ ಮೆಟ್ಟಿಲ ಮೇಲೆ ಸುಸನ್ನಾ ಕೂತು ಅಪ್ಪನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತೊಡಿಸಲು ನೋಡಿದಳು. ಹೋಗಲೊಲ್ಲದು. ಬರಿಗಾಲಿನಲ್ಲಿ ನಡೆದು ನಡೆದು ಪಾದ ಅಗಲವಾಗಿತ್ತು. ಕಡೆಗೆ ಅರ್ಧ ಪಾದ ತೂರಿಸಿಕೊಂಡು, ಹಿಮ್ಮಡಿ ಹೊರಗೇ ಬಿಟ್ಟು, ಯೇಸಪ್ಪ ಮದುಮಗನ ಗತ್ತಿನಲ್ಲಿ ಮನೆಯವರೆಗೂ ನಡೆದ. ಕೇರಿಯೆಲ್ಲ ಬಿದ್ದು ಬಿದ್ದು ನಕ್ಕಿತು.

ಎಕಂಬಾದ ನೌಕರಿ ಬೇಡವೆಂದು ಹೇಳಿ ಕಳಿಸಿ ಸುಸನ್ನಾ ಹೈದರಾಬಾದಿಗೆ ಹೊರಟ ದಿನ ಭಾಲ್ಕಿಯ ಸ್ಟೇಷನ್ನಿಗೆ ಎಲ್ಲರೂ ಬಂದಿದ್ದರು. ಅವ್ವ ಜೋಳದ ರೊಟ್ಟಿಯ ಗಂಟು ಕೊಟ್ಟಳು, ಮರಿಯಮಬೀ ತಾವೇ ಹೊಲಿದ ರೇಷ್ಮೆಯ ಕುಪ್ಪಸ ಕೊಟ್ಟರು. ಚರ್ಚಿನಲ್ಲಿ ಇಟ್ಟ ಬಟ್ಟೆಯನ್ನು ಅವರು ಪಾಸ್ಟರರಿಂದ ಕೊಂಡು ತಂದಿದ್ದರು. ಅಪ್ಪನ ಕಾಲಲ್ಲಿ ಹೊಸ ಚಪ್ಪಲಿ ಇತ್ತು, ಕಿರ್ರೆನ್ನುವಷ್ಟು ಹೊಸದು. ರೈಲು ಹತ್ತಿ ಕಿಟಕಿಯ ಬಳಿ ಕೂತು ಸುಸನ್ನಾ ಹೊರಗೆ ನೋಡಿದಾಗ, ಯೇಸಪ್ಪ ಪ್ಲಾಟ್‌ಫಾರ್ಮಿನ ಮೇಲೆ ಬಗ್ಗಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದ.

"ಅಪ್ಪಾ! ಮತ್ತ ಹರಕಿ ಹೊರಬ್ಯಾಡ! ನಿನ್ನ ಕಾಲ ಬೀಳ್ತೀನಿ, ಹಾಕ್ಕೋ!"

ಯೇಸಪ್ಪ ಮೊದಲು ಗಲಿಬಿಲಿಯಾದ. ಆಮೇಲೆ ಹೊಟ್ಟೆ ಹಿಡಿದು ನಕ್ಕ.

"ಹರಕಿ ಅಲ್ಲವ್ವಾ, ಕಚ್ಚಲತ್ತಾವ!"

ರೈಲು ಅಲುಗಿತು. ಅವನು ಚಪ್ಪಲಿಯನ್ನು ನೆಲಕ್ಕೆ ಹಾಕಿ, ಕಾಲು ತೂರಿಸಿಕೊಂಡು, ಮಗಳು ನೋಡಲಿ ಎಂದು ಕಿಟಕಿಯ ಜೊತೆಜೊತೆಗೇ ಕುಂಟುತ್ತ ನಡೆದ. ರೈಲಿನ ಸದ್ದಿನಲ್ಲೂ ಆ ಕಿರ್ರ ಕಿರ್ರ ಅವಳಿಗೆ ಕೇಳಿಸುತ್ತಿತ್ತು. ಪ್ಲಾಟ್‌ಫಾರ್ಮು ಮುಗಿಯುವವರೆಗೂ ಅವನು ಚಪ್ಪಲಿ ಬಿಡಲಿಲ್ಲ.